ಬೀಚ್ ಮರ ಎಲೆ ಬಿಡುವ ಮೊದಲು: ದಕ್ಷಿಣ ಇಂಗ್ಲೆಂಡಿನ ಬ್ಲೂಬೆಲ್ ಕಾಡುಗಳಲ್ಲಿ

ವಸಂತದಲ್ಲಿ ಕಾಡಿನ ನೆಲವನ್ನೆಲ್ಲ ಮುಚ್ಚುವ, ಗಂಟೆಯಾಕಾರದ ನೀಲಿ ಹೂ ಬ್ಲೂಬೆಲ್ ನೋಡಲು ಹೊರಡುವವರು ಕ್ಯಾಲೆಂಡರ್ ನೋಡಿ ಟಿಕೆಟ್ ಮಾಡಿಸುತ್ತಾರೆ. ನಿಜವಾಗಿ ನೋಡಬೇಕಾದದ್ದು ಮರಗಳನ್ನು. ಏಪ್ರಿಲ್ ಮಧ್ಯದಿಂದ ಮೇ ತಿಂಗಳ ಮೂರನೇ ವಾರದವರೆಗೆ ಹೂವಿನ ಕಾಲ ಎಂದು ಎಲ್ಲ ಕಡೆ ಬರೆದಿರುತ್ತದೆ, ಅದೇನೂ ಸುಳ್ಳಲ್ಲ. ಆದರೆ ಒಂದೊಂದು ಕಾಡಿನಲ್ಲಿ ನೆಲ ಪೂರ್ತಿ ನೀಲಿಯಾಗಿ ಕಾಣುವುದು ಹತ್ತು-ಹನ್ನೆರಡು ದಿನ ಮಾತ್ರ. ಆ ದಿನಗಳು ಯಾವುವು ಎಂದು ನಿರ್ಧರಿಸುವುದು ಮೇಲಿನ ಎಲೆಚಪ್ಪರ. ಬ್ಲೂಬೆಲ್ ಚಳಿಗಾಲದ ಕೊನೆಯಲ್ಲೇ ಎಲೆ ಚಾಚುತ್ತದೆ, ಮರಗಳು ಬೋಳಾಗಿರುವಾಗ ಸಿಗುವ ಬಿಸಿಲನ್ನೆಲ್ಲ ಗೆಡ್ಡೆಗೆ ತುಂಬಿಕೊಳ್ಳುತ್ತದೆ, ಚಪ್ಪರ ಮುಚ್ಚುವ ಹೊತ್ತಿಗೆ ಹೂಬಿಟ್ಟು ಮುಗಿಸುತ್ತದೆ. ಬೀಚ್ ಮರ ಪೂರ್ತಿ ಎಲೆ ಬಿಟ್ಟ ಮೇಲೆ ನೆಲಕ್ಕೆ ತಲುಪುವ ಬೆಳಕು ನೂರಕ್ಕೆ ಕೆಲವೇ ಪಾಲು. ಹಾಗಾಗಿ ಒಂದು ಕಾಡು ಯಾವ ಮರದ್ದು ಎಂದು ಗೊತ್ತಿದ್ದರೆ ಅಲ್ಲಿಗೆ ಯಾವಾಗ ಹೋಗಬೇಕು ಎಂಬುದೂ ಅರ್ಧ ಗೊತ್ತಾದಂತೆ.

ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್ ಕಡೆ ಶಾಲೆ ಕಲಿತು ಆಮೇಲೆ ಬೆಂಗಳೂರಿಗೋ ಮೈಸೂರಿಗೋ ಮರಳಿದ ಕನ್ನಡದ ಮಕ್ಕಳು ಬಹಳ ಜನರಿದ್ದಾರೆ. ಈಗ ಅವರಿಗೇ ಮಕ್ಕಳಾಗಿವೆ. ಚಿಕ್ಕಂದಿನಲ್ಲಿ ಓಡಾಡಿದ ಆ ನೀಲಿ ಕಾಡನ್ನು ಮತ್ತೊಮ್ಮೆ ನೋಡಬೇಕು, ಮಕ್ಕಳಿಗೂ ತೋರಿಸಬೇಕು ಎಂದು ಹೊರಡುವವರಿಗೆ ಅನುಕೂಲವಾಗಲಿ ಎಂದು ಈ ನಾಲ್ಕು ದಿನದ ದಾರಿ. ಲಂಡನ್ನಿನಲ್ಲಿ ಉಳಿದುಕೊಂಡು ದಿನಕ್ಕೊಂದು ಕಾಡು ನೋಡಿ ಬರಬಹುದು.

ಹೊರಡುವ ಮೊದಲು

ಏಪ್ರಿಲ್ 23ರಿಂದ ಮೇ 3ರ ನಡುವೆ ನಾಲ್ಕು ದಿನ ಇಟ್ಟುಕೊಂಡರೆ ದಕ್ಷಿಣ ಇಂಗ್ಲೆಂಡಿನಲ್ಲಿ ಪೂರ್ತಿ ನಿರಾಶೆಯಾಗುವ ಸಂಭವ ಕಡಿಮೆ. ಬೆಚ್ಚಗಿನ ಮಾರ್ಚ್ ಬಂದ ವರ್ಷ ಎಲ್ಲವೂ ಒಂದು ವಾರ ಮುಂಚೆ, ಚಳಿ ಎಳೆದ ವರ್ಷ ಒಂದು ವಾರ ತಡ. ಮೇ ತಿಂಗಳ ಮೊದಲ ಸೋಮವಾರ ಅಲ್ಲಿ ಸರ್ಕಾರಿ ರಜೆ. ಶನಿವಾರದಿಂದ ಸೋಮವಾರದವರೆಗಿನ ಆ ಮೂರು ದಿನ ಹೆಸರುವಾಸಿ ಕಾಡುಗಳ ಹತ್ತಿರ ಸುಳಿಯಬೇಡಿ. ಬಸವ ಜಯಂತಿಯೂ ಎಷ್ಟೋ ವರ್ಷ ಇದೇ ದಿನಗಳಲ್ಲಿ ಬರುತ್ತದೆ. 2015ರಲ್ಲಿ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಿಲ್ಲಿಸಿದ ಬಸವೇಶ್ವರರ ಪುತ್ಥಳಿಗೂ ಒಂದು ಸಂಜೆ ಹೋಗಿಬರಬಹುದು.

ಬಾಲ್ಯದ ಕಾಡಿನ ಹೆಸರು ಮರೆತಿದ್ದರೂ ಹುಡುಕಬಹುದು. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನನ್ಸ್ ಸರ್ವೆಯ ಹಳೆಯ ನಕ್ಷೆಗಳನ್ನು, ಇಂಗ್ಲೆಂಡಿನವನ್ನೂ ಸೇರಿಸಿ, ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಮೈಲಿಗೆ ಆರು ಇಂಚಿನ ನಕ್ಷೆ ತೆರೆದು ಹಳೆಯ ಶಾಲೆಯನ್ನೋ ಚರ್ಚನ್ನೋ ಗುರುತಿಸಿಕೊಳ್ಳಿ. ಪಕ್ಕದ ಪಟ್ಟಿಯನ್ನು ಜಾರಿಸಿದರೆ ಹಳೆಯ ನಕ್ಷೆ ಮಸುಕಾಗಿ ಇಂದಿನ ಉಪಗ್ರಹ ಚಿತ್ರ ಕೆಳಗಿನಿಂದ ಮೇಲೇಳುತ್ತದೆ. ಎರಡರಲ್ಲೂ ಅದೇ ಅಂಕುಡೊಂಕು ಅಂಚಿನ ಕಾಡು ಕಂಡರೆ ಅದು ಹಳೆಯದು; ಸ್ಕೇಲ್ ಇಟ್ಟು ಗೆರೆ ಎಳೆದಂತೆ ಅಂಚಿದ್ದರೆ ಆಮೇಲೆ ನೆಟ್ಟದ್ದಿರಬಹುದು. ಇಂಗ್ಲೆಂಡಿನಲ್ಲಿ 1600ರಿಂದ ಈಚೆಗೆ ಎಡೆಬಿಡದೆ ಕಾಡಾಗಿಯೇ ಉಳಿದ ಜಾಗವನ್ನು ಪುರಾತನ ಕಾಡು ಎಂದು ಪಟ್ಟಿ ಮಾಡಿದ್ದಾರೆ. 'ಮ್ಯಾಜಿಕ್' ಎಂಬ ಸರ್ಕಾರಿ ನಕ್ಷೆಯಲ್ಲಿ ಆ ಪದರವನ್ನು ಚಾಲೂ ಮಾಡಿದರೆ ನಿಮ್ಮ ಕಾಡು ಪಟ್ಟಿಯಲ್ಲಿದೆಯೋ ಇಲ್ಲವೋ ತಿಳಿಯುತ್ತದೆ. ಇಡೀ ಬ್ರಿಟನ್ನಿನ ನೆಲದಲ್ಲಿ ಅಂಥ ಕಾಡು ಉಳಿದಿರುವುದು ನೂರಕ್ಕೆ ಎರಡೂವರೆ ಪಾಲಿನಷ್ಟು. ದಟ್ಟ ಬ್ಲೂಬೆಲ್ ಹಾಸು ಸಾಮಾನ್ಯವಾಗಿ ಅಲ್ಲೇ, ಏಕೆಂದರೆ ಈ ಹೂವಿನ ಬೀಜ ತಾಯಿಗಿಡದ ಕಾಲಬುಡದಲ್ಲೇ ಉದುರುತ್ತದೆ. ಹಕ್ಕಿಯೋ ಗಾಳಿಯೋ ಅದನ್ನು ದೂರ ಒಯ್ಯುವುದಿಲ್ಲ. ಬೀಜ ಮೊಳೆತು ಹೂಬಿಡಲು ಐದರಿಂದ ಏಳು ವರ್ಷ. ಎಕರೆಗಟ್ಟಲೆ ನೀಲಿ ಹಾಸಬೇಕಾದರೆ ಶತಮಾನಗಳೇ ಬೇಕು.

ಚೀಲದಲ್ಲಿ ಇರಬೇಕಾದದ್ದು: ಹಿಮ್ಮಡಿಯ ಮೇಲಕ್ಕೆ ಬರುವ, ನೀರು ಹೋಗದ ಬೂಟು, ಒಂದು ಜೊತೆ ಹೆಚ್ಚುವರಿ ಕಾಲುಚೀಲ, ರೇನ್‌ಕೋಟ್, ಉಣ್ಣೆಯ ಸ್ವೆಟರ್, ಉಣ್ಣಿ ಕೀಳುವ ಚಿಮಟ. ಬೆಳಗಿನ ಚಳಿ ಐದಾರು ಡಿಗ್ರಿ, ಮಧ್ಯಾಹ್ನ ಹದಿನಾಲ್ಕು-ಹದಿನಾರು. ಛತ್ರಿ ಕಾಡಿನೊಳಗೆ ರೆಂಬೆಗೆ ಸಿಕ್ಕಿ ಉಪದ್ರವವೇ ಹೆಚ್ಚು. ಮೂರರಿಂದ ಒಂಬತ್ತು ದೊಡ್ಡವರು ಒಟ್ಟಿಗೆ ಹೋಗುವುದಾದರೆ ರೈಲಿನ ಆಫ್-ಪೀಕ್ (ದಟ್ಟಣೆಯಿಲ್ಲದ ಹೊತ್ತಿನ) ದರದಲ್ಲಿ 'ಗ್ರೂಪ್‌ಸೇವ್' ಎಂಬ ಗುಂಪಿನ ರಿಯಾಯಿತಿ ಕೇಳಿ, ಮೂರರಲ್ಲಿ ಒಂದು ಪಾಲು ಇಳಿಯುತ್ತದೆ.

ಮೊದಲ ದಿನ: ವಾನ್‌ಸ್ಟೆಡ್ ಪಾರ್ಕಿನ ಶಾಲೇ ವುಡ್

ವಿಮಾನ ಇಳಿದ ಮರುದಿನ ದೂರ ಹೋಗಬೇಡಿ. ಲಂಡನ್ ಮೆಟ್ರೊದ ಸೆಂಟ್ರಲ್ ಲೈನಿನಲ್ಲಿ ವಾನ್‌ಸ್ಟೆಡ್ ಸ್ಟೇಷನ್ನಿನಲ್ಲಿ ಇಳಿದರೆ ಇಪ್ಪತ್ತು ನಿಮಿಷದ ನಡಿಗೆ. ಪಾರ್ಕು ಲಂಡನ್ ನಗರ ಕಾರ್ಪೊರೇಷನ್ನಿನದು, 1882ರಿಂದ ಸಾರ್ವಜನಿಕರಿಗೆ ತೆರೆದಿದೆ, ಟಿಕೆಟ್ ಇಲ್ಲ. ಒಳಗೆ 'ಟೆಂಪಲ್' ಎಂಬ ಹಳೆಯ ಕಟ್ಟಡವಿದೆ, ಅದರ ಹತ್ತಿರದ ತೋಪೇ ಶಾಲೇ ವುಡ್. ಸ್ಥಳೀಯ ಸ್ವಯಂಸೇವಕರು ಕಾಲುದಾರಿಯ ಎರಡೂ ಬದಿಗೆ ಮರದ ದಿಮ್ಮಿ, ರೆಂಬೆ ಜೋಡಿಸಿ ದಾರಿ ಗುರುತು ಮಾಡಿದ್ದಾರೆ. ಬೇಲಿಯಲ್ಲ, ಮೊಣಕಾಲಿಗೂ ಬಾರದ ಎತ್ತರ, ಆದರೂ ಜನ ದಾಟುವುದು ಬಹಳ ಕಡಿಮೆ ಆಗುತ್ತದೆ. ದೊಡ್ಡ ಬೋರ್ಡುಗಳಿಗಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ ಎನ್ನುವುದು ನಮ್ಮ ಅನಿಸಿಕೆ.

ಈ ದಿನದ ಕೆಲಸ ಹೂವನ್ನು ಸರಿಯಾಗಿ ಗುರುತಿಸಲು ಕಲಿಯುವುದು. ಲಂಡನ್ನಿನ ಮನೆಯಂಗಳಗಳಲ್ಲಿ, ಪಾರ್ಕಿನ ಅಂಚುಗಳಲ್ಲಿ ಕಾಣುವ ಬಹಳಷ್ಟು ಬ್ಲೂಬೆಲ್ ಸ್ಪೇನಿನ ಜಾತಿ ಅಥವಾ ಎರಡರ ಮಿಶ್ರತಳಿ. ದಾರಿಯಂಚಿನಲ್ಲೇ ಇರುವ ಒಂದು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ನಾಲ್ಕು ಅಂಶ ನೋಡಿ. ದಂಟು: ಇಂಗ್ಲೆಂಡಿನದು ತುದಿಯಲ್ಲಿ ಬಾಗಿರುತ್ತದೆ, ಹೂಗಳೆಲ್ಲ ಒಂದೇ ಬದಿಗೆ ಜೋಲುತ್ತವೆ, ಸ್ಪೇನಿನದು ನೆಟ್ಟಗೆ ನಿಂತಿರುತ್ತದೆ, ಹೂ ಸುತ್ತಲೂ. ಎಲೆ: ಮೊದಲನೆಯದಕ್ಕೆ ಒಂದು-ಒಂದೂವರೆ ಸೆಂಟಿಮೀಟರ್ ಅಗಲ, ಎರಡನೆಯದಕ್ಕೆ ಮೂರು ಸೆಂಟಿಮೀಟರ್‌ವರೆಗೂ. ಎಸಳು: ಮೊದಲನೆಯದರ ಗಂಟೆ ಕಿರಿದು ಮತ್ತು ಉದ್ದ, ಆರೂ ಎಸಳುಗಳ ತುದಿ ಪೂರ್ತಿ ಹಿಂದಕ್ಕೆ ಸುರುಳಿ ಸುತ್ತಿರುತ್ತದೆ; ಎರಡನೆಯದು ಬಾಯಗಲಿಸಿದ ಗಂಟೆ. ಕೊನೆಯದು ಪರಾಗ: ದೇಶೀಯದಕ್ಕೆ ಕೆನೆಬಿಳಿ, ಸ್ಪೇನಿನದಕ್ಕೆ ನೀಲಿ. ಮೊದಲ ಮೂರು ಅಂಶ ಮಿಶ್ರತಳಿಯಲ್ಲಿ ಹಿಂದುಮುಂದಾಗಿ ಬೆರೆತಿರುತ್ತವೆ, ಅದಕ್ಕೇ ಒಂದೇ ಗುರುತು ಹಿಡಿದು ತೀರ್ಮಾನಿಸಬಾರದು. ಹೂವನ್ನು ಕೀಳದೆ, ಬೆರಳ ತುದಿಯಿಂದ ಸ್ವಲ್ಪ ಎತ್ತಿ ಒಳಗೆ ನೋಡಿದರೆ ಪರಾಗದ ಬಣ್ಣ ಕಾಣುತ್ತದೆ. ಹಾಗೆ ನೋಡುವಾಗ ಕೆಲವು ಹೂಗಳ ಬುಡದಲ್ಲಿ ಸಣ್ಣ ತೂತು ಕಂಡೀತು. ನಾಲಿಗೆ ಗಿಡ್ಡವಿರುವ ಬಂಬಲ್‌ಬೀ ದುಂಬಿಗಳು ಬಾಯಿಂದ ಒಳಹೋಗುವ ಬದಲು ಹೊರಗಿನಿಂದಲೇ ಕಚ್ಚಿ ಮಕರಂದ ಹೀರಿಹೋದ ಗುರುತು ಅದು.

ಪರಿಮಳ ಗಾಳಿಯಿಲ್ಲದ, ತುಸು ಬೆಚ್ಚಗಿನ ಬೆಳಿಗ್ಗೆ ಚೆನ್ನಾಗಿರುತ್ತದೆ. ಸ್ಪೇನಿನದಕ್ಕೆ ಪರಿಮಳ ಇಲ್ಲವೇ ಇಲ್ಲ ಎನ್ನಬಹುದು.

ಮಧ್ಯಾಹ್ನ ಊಟಕ್ಕೆ ಹತ್ತಿರದ ಈಸ್ಟ್ ಹ್ಯಾಮ್‌ಗೆ ಹೋದರೆ ದೋಸೆ, ಅನ್ನ-ಸಾರು ಸಿಗುವ ದಕ್ಷಿಣ ಭಾರತದ ಹೋಟೆಲುಗಳು ಸಾಲಾಗಿವೆ. ಮುಂದಿನ ಮೂರು ದಿನ ಕಾಡಿನಲ್ಲಿ ಬುತ್ತಿಯೇ ಗತಿ, ಇವತ್ತೇ ತಿಂದುಕೊಳ್ಳಿ.

ಎರಡನೇ ದಿನ: ಆ್ಯಶ್‌ರಿಜ್

ಇದು ನಡಿಗೆಯ ದಿನ, ಒಟ್ಟು ಸುಮಾರು 15 ಕಿಲೋಮೀಟರ್. ಲಂಡನ್ನಿನ ಯೂಸ್ಟನ್ ಸ್ಟೇಷನ್ನಿನಿಂದ ಟ್ರಿಂಗ್‌ಗೆ ರೈಲಿನಲ್ಲಿ ನಲವತ್ತು ನಿಮಿಷ ಇಟ್ಟುಕೊಳ್ಳಿ. ಟ್ರಿಂಗ್ ಊರು ಸ್ಟೇಷನ್ನಿನಿಂದ ಮೂರು ಕಿಲೋಮೀಟರ್ ಪಶ್ಚಿಮಕ್ಕಿದೆ. ನಮಗೆ ಬೇಕಾದದ್ದು ಪೂರ್ವದ ದಿಕ್ಕು. ಇಳಿದವರು ಜನ ಹೋಗುವ ಕಡೆಯೇ ಹೋಗಿ ಊರು ಸೇರುವುದು ಇಲ್ಲಿ ಆಗಾಗ ನಡೆಯುತ್ತದೆ. ಪೂರ್ವಕ್ಕೆ ಅರ್ಧ ಗಂಟೆ ನಡೆದರೆ ಆಲ್ಡ್‌ಬರಿ ಎಂಬ ಹಳ್ಳಿ: ನಡುವೆ ಕೊಳ, ಪಕ್ಕದಲ್ಲಿ ಹಿಂದೆ ಅಪರಾಧಿಗಳ ಕಾಲನ್ನು ಸಿಕ್ಕಿಸಿ ಕೂರಿಸುತ್ತಿದ್ದ ಮರದ ಚೌಕಟ್ಟು. ಅಲ್ಲಿಂದ ಏರು ಶುರು. ಕಾಡಿನೊಳಗೆ ಹತ್ತಿ ಮೇಲೆ ಬಂದರೆ ಬ್ರಿಜ್‌ವಾಟರ್ ಸ್ಮಾರಕ ಸ್ತಂಭ. ಕಾಲುವೆಗಳ ಡ್ಯೂಕ್ ಎನಿಸಿಕೊಂಡ ಫ್ರಾನ್ಸಿಸ್ ಎಜರ್ಟನ್ನನ ನೆನಪಿಗೆ 1832ರಲ್ಲಿ ಎಬ್ಬಿಸಿದ್ದು, ಒಳಗೆ 172 ಮೆಟ್ಟಿಲು. ಪಕ್ಕದಲ್ಲೇ ಈ ಕಾಡನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಕೇಂದ್ರ, ಚಹಾ, ಶೌಚಾಲಯ. ಮುಂದೆ ಇವೆರಡೂ ಸಿಗುತ್ತವೆ ಎಂದುಕೊಳ್ಳದೆ ಇಲ್ಲೇ ಮುಗಿಸಿಕೊಳ್ಳಿ.

ಏರು ಹತ್ತುವಾಗ ಕಾಲ ಕೆಳಗಿನ ಮಣ್ಣು ಗಮನಿಸಿ. ಇಳಿಜಾರಿನಲ್ಲಿ ಸೀಮೆಸುಣ್ಣದಂಥ ಬಿಳಿ ಕಲ್ಲು, ತೆಳು ಮಣ್ಣು. ಅಲ್ಲಿ ಬ್ಲೂಬೆಲ್ ಅಲ್ಲಲ್ಲಿ ಮಾತ್ರ. ಮೇಲಿನ ಸಮತಟ್ಟಿಗೆ ಬಂದೊಡನೆ ಕಂದು ಅಂಟುಮಣ್ಣು, ಅದರಲ್ಲಿ ಹುದುಗಿದ ಚಕಮಕಿ ಕಲ್ಲುಗಳು. ಸುಣ್ಣದ ಮೇಲೆ ಟೊಪ್ಪಿಗೆಯಾಗಿ ಕೂತಿರುವ ಈ ಮಣ್ಣು ತೇವ ಹಿಡಿಯುತ್ತದೆ, ತುಸು ಹುಳಿ ಗುಣದ್ದು, ಬ್ಲೂಬೆಲ್ಲಿಗೆ ಬೇಕಾದದ್ದು ಇದೇ. ಆ್ಯಶ್‌ರಿಜ್ ಸೇರಿದ ಈ ಚಿಲ್ಟರ್ನ್ ಗುಡ್ಡಗಳಲ್ಲಿ ದೊಡ್ಡ ಹಾಸುಗಳೆಲ್ಲ ನೆತ್ತಿಯ ಸಮತಟ್ಟಿನಲ್ಲಿರುವುದಕ್ಕೆ ಕಾರಣ ಮಣ್ಣು.

ಸ್ಮಾರಕದಿಂದ ಉತ್ತರಕ್ಕೆ ಮೂರು ಕಿಲೋಮೀಟರ್‌ಗೂ ಸ್ವಲ್ಪ ಹೆಚ್ಚು ನಡೆದು, ರಿಂಗ್ಸಾಲ್ ದಾಟಿದರೆ ಡಾಕಿ ವುಡ್. ಇಡೀ ಆ್ಯಶ್‌ರಿಜ್ ಎಸ್ಟೇಟಿನಲ್ಲಿ ಹೆಚ್ಚು ಫೋಟೊ ತೆಗೆಸಿಕೊಂಡ ಕಾಡು ಇದು. ನೆಟ್ಟಗೆ ಎದ್ದ ಬೀಚ್ ಕಾಂಡಗಳು, ನಡುವೆ ಪೊದೆಯೇ ಇಲ್ಲ, ಕಣ್ಣು ಹರಿಯುವಷ್ಟು ದೂರ ನೀಲಿ. ಹೂವಿನ ಕಾಲದ ವಾರಾಂತ್ಯಗಳಲ್ಲಿ ಸಣ್ಣ ಪ್ರವೇಶ ಶುಲ್ಕವಿರುತ್ತದೆ. ಆ ವರ್ಷದ ದಿನ-ದರವನ್ನು ಟ್ರಸ್ಟಿನ ಜಾಲತಾಣದಲ್ಲಿ ಹಿಂದಿನ ದಿನ ನೋಡಿಕೊಳ್ಳಿ. ಶನಿವಾರ ಹನ್ನೊಂದು ಗಂಟೆಗೆ ಬರುವುದಕ್ಕಿಂತ ಮಂಗಳವಾರ ಎಂಟು ಗಂಟೆಗೆ ಬರುವುದು ಎಲ್ಲ ರೀತಿಯಿಂದಲೂ ಲೇಸು. ಏಪ್ರಿಲ್ ಕೊನೆಗೆ ಆರು ಗಂಟೆಯೊಳಗೇ ಸೂರ್ಯೋದಯ, ಕಾಂಡಗಳ ನಡುವೆ ಓರೆ ಬೆಳಕು ಎಂಟೂವರೆಯವರೆಗೆ ಸಿಗುತ್ತದೆ.

ಚಿಕ್ಕಂದಿನಲ್ಲಿ ಈ ಕಾಡುಗಳನ್ನು ನೋಡಿದವರಿಗೆ ಮೊದಲು ಕಣ್ಣಿಗೆ ಹೊಡೆಯುವುದು ಬೇಲಿ. ಒಣ ರೆಂಬೆಗಳನ್ನು ಎರಡು ಸಾಲು ಗೂಟಗಳ ನಡುವೆ ಒಟ್ಟಿದ ತಗ್ಗು ಬೇಲಿ, ಅಲ್ಲಲ್ಲಿ ಹಗ್ಗ. ಹಿಂದಿನ ಕಾಲದಲ್ಲಿ ಮಕ್ಕಳು ಸೈಕಲ್ ಹತ್ತಿ ಬಂದು ತೋಳು ತುಂಬ ಹೂ ಕಿತ್ತು ಒಯ್ಯುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಆದರೆ ಹೂ ಕಿತ್ತಿದ್ದಕ್ಕಿಂತ ಎಲೆ ತುಳಿದದ್ದೇ ಗಿಡಕ್ಕೆ ಹೆಚ್ಚಿನ ಪೆಟ್ಟು. ಬ್ಲೂಬೆಲ್ ಎಲೆಯೊಳಗೆ ನೀರು ಮತ್ತು ಲೋಳೆ ತುಂಬಿರುತ್ತದೆ. ಬೂಟಿನ ಕೆಳಗೆ ಸಿಕ್ಕರೆ ನಡುನರ ಮುರಿದು, ಎದ್ದು ನಿಲ್ಲದೆ ಕೊಳೆಯುತ್ತದೆ. ಎಲೆ ಹೋದರೆ ಆ ವರ್ಷ ಗೆಡ್ಡೆಗೆ ಊಟವಿಲ್ಲ. ಈ ಗಿಡ ಪ್ರತಿ ವರ್ಷ ಹಳೆಯ ಗೆಡ್ಡೆಯನ್ನು ಖರ್ಚು ಮಾಡಿ ಹೊಸದನ್ನು ಕಟ್ಟುವಂಥದ್ದು, ಹಾಗಾಗಿ ಒಂದು ಸಲದ ತುಳಿತದ ಫಲ ಮುಂದಿನ ವಸಂತದಲ್ಲಿ ಹೂವಿಲ್ಲದ ಕಲೆಯಾಗಿ ಕಾಣುತ್ತದೆ. ಅದೇ ಜಾಗ ವರ್ಷವರ್ಷ ತುಳಿಸಿಕೊಂಡರೆ ಮಣ್ಣು ಗಟ್ಟಿಯಾಗಿ ಚೇತರಿಕೆಯೇ ಕಷ್ಟ. ಮಗುವನ್ನು ಹೂವಿನ ನಡುವೆ ಕೂರಿಸಿ ಫೋಟೊ ತೆಗೆಯುವವರು ಬಿಟ್ಟುಹೋದ ಆಕಾರ ಡಾಕಿ ವುಡ್‌ನಲ್ಲಿ ಹತ್ತಾರು ಕಡೆ ಕಾಣುತ್ತದೆ. ಆ ಚಿತ್ರ ಬೇಕೇ ಬೇಕೆಂದರೆ ದಾರಿಯ ತಿರುವಿನಲ್ಲಿ ಮಗುವನ್ನು ದಾರಿಯ ಮೇಲೇ ಕೂರಿಸಿ, ನೀವು ನೆಲಮಟ್ಟಕ್ಕೆ ಇಳಿದು, ಮುಂದಿರುವ ಹೂಗಳ ಮೇಲಿಂದ ತೆಗೆಯಿರಿ. ಮಗು ಹೂವಿನೊಳಗೇ ಕೂತಂತೆ ಬರುತ್ತದೆ.

ಬಣ್ಣದ ವಿಷಯ. ಕಣ್ಣಿಗೆ ನೀಲಿ ಕಂಡದ್ದು ಮೊಬೈಲಿನಲ್ಲಿ ನೇರಳೆಯಾಗಿ ಬರುತ್ತದೆ ಎಂಬ ದೂರು ಎಲ್ಲರದೂ. ಹಸಿರು ನೆರಳನ್ನು ಸರಿದೂಗಿಸಲು ಕ್ಯಾಮೆರಾ ತಾನೇ ಕೆಂಪು-ನೇರಳೆ ಛಾಯೆ ಸೇರಿಸುವುದು ಇದಕ್ಕೆ ಒಂದು ಕಾರಣ. ವೈಟ್ ಬ್ಯಾಲೆನ್ಸನ್ನು ಆಟೊದಿಂದ ತೆಗೆದು ಡೇಲೈಟಿಗೆ ಇಡಿ, ಬೆಳಕನ್ನು ಅರ್ಧ ಸ್ಟಾಪ್ ಇಳಿಸಿ. ದೊಡ್ಡ ಕ್ಯಾಮೆರಾ ಇದ್ದರೆ ಪೋಲರೈಸರ್ ಹಾಕಿ. ಎಲೆಯ ಮೇಲಿನ ಬಿಳಿ ಹೊಳಪು ಹೋಗಿ ಬಣ್ಣ ಗಟ್ಟಿಯಾಗುತ್ತದೆ. ವೈಡ್ ಲೆನ್ಸಿನಲ್ಲಿ ಹೂಗಳ ನಡುವಿನ ಮಣ್ಣೆಲ್ಲ ಕಂಡು ಹಾಸು ತೆಳುವಾಗುತ್ತದೆ. 70ರಿಂದ 200 ಮಿಲಿಮೀಟರ್ ಲೆನ್ಸ್, ಅಥವಾ ಮೊಬೈಲಿನ ಎರಡು-ಮೂರು ಪಟ್ಟು ಜೂಮ್, ಸಾಲುಗಳನ್ನು ಒತ್ತೊತ್ತಾಗಿ ತರುತ್ತದೆ. ಪ್ರಖರ ಮಧ್ಯಾಹ್ನಕ್ಕಿಂತ ಮೋಡದ ದಿನ ಮೇಲು.

ಕಾಡಿನೊಳಗೆ ನಾಯಿ ಬೊಗಳಿದಂತೆ ಒಂದೇ ಸಮನೆ ಕೂಗು ಕೇಳಿದರೆ ಅದು ಮುಂಟ್‌ಜ್ಯಾಕ್. ನಮ್ಮ ಮಲೆನಾಡಿನ ಕಾಡುಕುರಿಯ ಚೀನಾ ದೇಶದ ಸೋದರ. 20ನೇ ಶತಮಾನದ ಆರಂಭದಲ್ಲಿ ಇಲ್ಲಿಂದ ಬಹಳ ದೂರವೇನಲ್ಲದ ವೋಬರ್ನ್ ಉದ್ಯಾನದಿಂದ ಹೊರಬಿದ್ದು ಹರಡಿಕೊಂಡಿತು. ಇದಕ್ಕೆ ಬ್ಲೂಬೆಲ್ ಎಲೆ, ಹೂದಂಟು ಎರಡೂ ಇಷ್ಟ. ದಂಟುಗಳು ಒಂದೇ ಎತ್ತರಕ್ಕೆ ಚಿವುಟಿಹೋದ ಜಾಗ ಕಂಡರೆ ಮನುಷ್ಯರನ್ನು ಬೈಯುವ ಮೊದಲು ನೆಲದಲ್ಲಿ ಪುಟ್ಟ ಗೊರಸಿನ ಗುರುತಿದೆಯೇ ನೋಡಿ. ಟ್ರಿಂಗ್‌ಗೆ ಇನ್ನೊಂದು ಬಿಟ್ಟಿ ಅತಿಥಿಯೂ ಉಂಟು: 1902ರಲ್ಲಿ ವಾಲ್ಟರ್ ರಾಥ್ಸ್‌ಚೈಲ್ಡ್ ತಂದು ಬಿಟ್ಟ ದಪ್ಪ ಡಾರ್‌ಮೌಸ್, ಅಳಿಲಿನಂಥ ಬಾಲದ ಇಲಿ. ಆದರೆ ಅದು ನಮ್ಮ ಪ್ರವಾಸದ ಹೊತ್ತಿಗೆ ಇನ್ನೂ ನಿದ್ದೆಯಲ್ಲಿರುತ್ತದೆ.

ಡಾಕಿ ವುಡ್‌ನಿಂದ ಐವಿಂಗೋ ಬೀಕನ್ ಎಂಬ 233 ಮೀಟರ್ ಎತ್ತರದ ಬೋಳು ಗುಡ್ಡಕ್ಕೆ ಮುಕ್ಕಾಲು ಗಂಟೆ. ಅಲ್ಲಿಂದಲೇ 139 ಕಿಲೋಮೀಟರ್ ಉದ್ದದ ರಿಜ್‌ವೇ ಹಾದಿ ಶುರುವಾಗುತ್ತದೆ. ಅದರ ಮೊದಲ ಆರು ಕಿಲೋಮೀಟರ್ ಹಿಡಿದರೆ ನೇರ ಟ್ರಿಂಗ್ ಸ್ಟೇಷನ್ನಿನ ಹತ್ತಿರ ಬರುತ್ತೀರಿ. ಚಿಕ್ಕ ಮಕ್ಕಳಿದ್ದರೆ ಬೀಕನ್ ಬಿಟ್ಟು ಬಂದ ದಾರಿಯಲ್ಲೇ ಹಿಂದಿರುಗಿ.

ಸಂಜೆ ಕೋಣೆಗೆ ಬಂದೊಡನೆ ಉಣ್ಣಿ ನೋಡಿಕೊಳ್ಳಿ: ಮೊಣಕಾಲ ಹಿಂಭಾಗ, ತೊಡೆಸಂದು, ಸೊಂಟದ ಪಟ್ಟಿ, ಮಕ್ಕಳಿಗೆ ಕಿವಿಯ ಹಿಂದೆ ಮತ್ತು ಕೂದಲಂಚು. ಇಲ್ಲಿನ ಉಣ್ಣಿ ಗಸಗಸೆ ಕಾಳಿನಷ್ಟೇ ಇರಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ವೈರಸ್ಸಿನದು. ಇಲ್ಲಿ ಉಣ್ಣಿ ಹರಡುವ ಲೈಮ್ ಕಾಯಿಲೆ ಬ್ಯಾಕ್ಟೀರಿಯಾದ್ದು, ಆ್ಯಂಟಿಬಯೊಟಿಕ್‌ಗೆ ಬಗ್ಗುತ್ತದೆ. ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಹೊಟ್ಟೆಯಲ್ಲಿದ್ದದ್ದನ್ನು ಅದು ಗಾಯದೊಳಗೆ ಕಕ್ಕೀತು. ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದೊಳಗೆ ಕಚ್ಚಿದ ಜಾಗದ ಸುತ್ತ ಹರಡುವ ಕೆಂಪು ಕಲೆ ಬಂದರೆ ವೈದ್ಯರಿಗೆ ತೋರಿಸಿ. ಅಷ್ಟರಲ್ಲಿ ನೀವು ಊರಿಗೆ ಬಂದಿರುತ್ತೀರಿ, ಇಂಗ್ಲೆಂಡಿನ ಕಾಡಿನಲ್ಲಿ ನಡೆದದ್ದನ್ನು ಮರೆಯದೆ ಹೇಳಿ, ಇಲ್ಲದಿದ್ದರೆ ಅವರಿಗೆ ಹೊಳೆಯುವುದಿಲ್ಲ.

ಮೂರನೇ ದಿನ: ವಿಲ್ಟ್‌ಶರ್‌ನ ವೆಸ್ಟ್ ವುಡ್ಸ್

ಈ ದಿನಕ್ಕೆ ಕಾರು ಬೇಕು. ಎಂ4 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋಗಿ 15ನೇ ಜಂಕ್ಷನ್ನಿನಲ್ಲಿ ಇಳಿದು, ಮಾರ್ಲ್‌ಬರೊ ದಾಟಿ, ಎ4 ರಸ್ತೆಯಿಂದ ದಕ್ಷಿಣಕ್ಕೆ ತಿರುಗಬೇಕು. ಲಂಡನ್ನಿನಿಂದ ಎರಡು ಗಂಟೆ, ರೆಡಿಂಗ್ ಕಡೆಯಿಂದ ಒಂದು. ಕೊನೆಯ ಭಾಗ ಒಂದೇ ಕಾರು ಹಿಡಿಸುವ ಹಳ್ಳಿದಾರಿ. ಎದುರಿಗೆ ಗಾಡಿ ಬಂದರೆ ಅಗಲ ಮಾಡಿಟ್ಟ ಜಾಗಕ್ಕೆ ಯಾರು ಹತ್ತಿರವೋ ಅವರು ಹಿಂದಕ್ಕೆ ತೆಗೆಯುವುದು ವಾಡಿಕೆ. ಇಷ್ಟು ದೂರ ಬೇಡ ಎನ್ನುವ ಬೇಸಿಂಗ್‌ಸ್ಟೋಕ್ ಕಡೆಯವರು ಎಂ3 ಪಕ್ಕದ ಮಿಕಲ್‌ಡೆವರ್ ವುಡ್‌ಗೆ ಹೋಗಬಹುದು. ಅದೂ ಬೀಚ್ ಕಾಡೇ, ಆದರೆ ಹೆದ್ದಾರಿಯ ಸದ್ದು ಬೆನ್ನು ಬಿಡುವುದಿಲ್ಲ.

ವೆಸ್ಟ್ ವುಡ್ಸ್ ಅರಣ್ಯ ಇಲಾಖೆಯ ಸುಪರ್ದಿಯಲ್ಲಿದೆ. ಹಳೆಯ ಕಾಡಿನ ಜಾಗದಲ್ಲಿ 20ನೇ ಶತಮಾನದಲ್ಲಿ ನೆಟ್ಟ ಬೀಚ್ ಮರಗಳೇ ಹೆಚ್ಚು. ಮರ ಹೊಸದು, ಗೆಡ್ಡೆ ಹಳೆಯದು. ನಿಮ್ಮ ಬಾಲ್ಯದ ಕಾಡನ್ನು ಕಡಿದು ಬೇರೆ ಮರ ನೆಟ್ಟಿದ್ದಾರೆ ಎಂದು ಗೊತ್ತಾದರೂ ಕೂಡಲೇ ಆಸೆ ಬಿಡಬೇಡಿ ಎನ್ನುವುದು ಇದಕ್ಕೇ. ನೆಟ್ಟದ್ದು ಎಲೆ ಉದುರುವ ಜಾತಿಯಾಗಿದ್ದರೆ ಬ್ಲೂಬೆಲ್ ಉಳಿದುಕೊಳ್ಳುತ್ತದೆ. ವರ್ಷಪೂರ್ತಿ ನೆರಳು ಹಾಕುವ ಸ್ಪ್ರೂಸ್‌ನಂಥ ಸೂಚಿಪರ್ಣಿಯಾಗಿದ್ದರೆ ಕಷ್ಟ, ಅಲ್ಲೂ ದಾರಿಯಂಚಿನ ಬೆಳಕಿನಲ್ಲಿ ನಾಲ್ಕಾರು ಗಿಡ ಜೀವ ಹಿಡಿದಿರುತ್ತವೆ.

ಬೀಚ್ ಎಲೆ ನೋಡಲು ಇದು ಒಳ್ಳೆಯ ಜಾಗ. ಕಂದು ಸೂಜಿಯಂಥ ಮೊಗ್ಗು ಒಡೆದು, ಬೀಸಣಿಗೆಯ ಮಡಿಕೆಯಲ್ಲಿದ್ದ ಎಲೆ ಬಿಚ್ಚಿಕೊಳ್ಳುತ್ತದೆ. ಮೊದಲ ವಾರ ಅದು ಬೆಳಕು ಹಾಯುವಷ್ಟು ತೆಳು, ಅಂಚಿಗೆ ರೇಷ್ಮೆಯಂಥ ಬಿಳಿ ಕೂದಲು. ಕೆಳಗಿನ ರೆಂಬೆಗಳು ಮೊದಲು, ನೆತ್ತಿ ಕೊನೆಗೆ. ಕೆಳರೆಂಬೆಗಳಲ್ಲಿ ಹಸಿರು ಬಂದು ನೆತ್ತಿ ಇನ್ನೂ ಕಂದಾಗಿದ್ದರೆ ನೀವು ಸರಿಯಾದ ವಾರದಲ್ಲಿದ್ದೀರಿ. ನೆತ್ತಿಯೂ ಹಸಿರಾಗಿ ಎಲೆ ಗಟ್ಟಿಯಾಗಿದ್ದರೆ, ದಂಟಿನ ಕೆಳಗಿನ ಹೂಗಳು ಆಗಲೇ ಬಾಡಿ ಹಸಿರು ಕಾಯಿ ಕಟ್ಟಲು ಶುರುವಾಗಿರುತ್ತದೆ. ಬ್ಲೂಬೆಲ್ ಕೆಳಗಿನಿಂದ ಮೇಲಕ್ಕೆ ಅರಳುವುದರಿಂದ ದಂಟಿನ ಬುಡದ ಹೂ ನೋಡಿದರೆ ಸಾಕು, ಹಾಸಿನ ವಯಸ್ಸು ತಿಳಿಯುತ್ತದೆ.

ಬೇರುಗಳ ನಡುವೆ ಪಾಚಿ ಹಿಡಿದ ಬೂದುಬಣ್ಣದ ದೊಡ್ಡ ಬಂಡೆಗಳು ಬಿದ್ದಿರುವುದನ್ನು ಕಂಡು ಸುಮ್ಮನೆ ದಾಟಿಹೋಗಬೇಡಿ. ಅವು ಸಾರ್ಸನ್ ಎಂಬ ಗಟ್ಟಿ ಮರಳುಗಲ್ಲುಗಳು. 25 ಕಿಲೋಮೀಟರ್ ದಕ್ಷಿಣದಲ್ಲಿರುವ, ಇತಿಹಾಸಪೂರ್ವ ಕಾಲದ ಕಲ್ಲಿನ ವೃತ್ತವಾದ ಸ್ಟೋನ್‌ಹೆಂಜ್‌ನ ದೊಡ್ಡ ಕಂಬಗಳ ಮೂಲ ಎಲ್ಲಿ ಎಂಬ ಹಳೆಯ ಪ್ರಶ್ನೆಗೆ 2020ರಲ್ಲಿ ಉತ್ತರ ಸಿಕ್ಕಿತು. 1958ರ ದುರಸ್ತಿ ವೇಳೆ ಒಂದು ಕಂಬದಿಂದ ಕೊರೆದು ತೆಗೆದ ಕಲ್ಲಿನ ಸರಳು ದಶಕಗಳ ನಂತರ ಮರಳಿ ಬಂತು. ಅದರ ರಾಸಾಯನಿಕ ಗುರುತನ್ನು ಬೇರೆ ಬೇರೆ ಕಡೆಯ ಸಾರ್ಸನ್ ಜೊತೆ ಹೋಲಿಸಿದಾಗ ಹೊಂದಿದ್ದು ವೆಸ್ಟ್ ವುಡ್ಸ್. ಉಳಿದಿರುವ 52 ಸಾರ್ಸನ್‌ಗಳಲ್ಲಿ 50 ಒಂದೇ ಬಗೆಯವು. ಒಂದೊಂದು ಸುಮಾರು ಇಪ್ಪತ್ತು ಟನ್. ಕಾಡನ್ನು ಅಡ್ಡ ಹಾಯುವ ವಾನ್ಸ್‌ಡೈಕ್ ಎಂಬ ಹಳೆಯ ಮಣ್ಣಿನ ದಿಬ್ಬವೂ ಇದೆ, ಅದರ ಇಳಿಜಾರಿನಲ್ಲಿ ಹೂ ಕಣ್ಣಿನ ಮಟ್ಟಕ್ಕೆ ಬರುತ್ತದೆ.

ತೇವವಿರುವ ತಗ್ಗು ಕಾಡುಗಳಲ್ಲಿ ಬೆಳ್ಳುಳ್ಳಿ ವಾಸನೆ ಮೂಗಿಗೆ ಬಂದರೆ ಅದು ಕಾಡುಬೆಳ್ಳುಳ್ಳಿ, ಬಿಳಿ ಹೂ, ಅಗಲ ಎಲೆ. ಚಟ್ನಿಗೆ ಚೆನ್ನಾಗಿರುತ್ತದೆ ಎಂದು ಕೀಳಲು ಕೈ ಹೋಗುತ್ತದೆ. ಅದರ ನಡುವೆಯೇ ಬೆಳೆಯುವ ಆರಮ್ ಎಂಬ ಕೆಸುವಿನ ಕುಟುಂಬದ ಗಿಡದ ಎಳೆ ಎಲೆ ವಿಷ. ಮೊದಲ ಎಲೆ ಕಿವುಚಿದಾಗಲೇ ಬೆರಳಿಗೆ ಬೆಳ್ಳುಳ್ಳಿ ವಾಸನೆ ಹತ್ತಿರುತ್ತದೆ. ಆಮೇಲೆ ಯಾವ ಎಲೆ ಮೂಸಿದರೂ ಬೆಳ್ಳುಳ್ಳಿಯೇ. ಮೋಸ ಹೋಗುವುದು ಹೀಗೆ. ಬ್ಲೂಬೆಲ್ಲೂ ಬುಡದಿಂದ ತುದಿಯವರೆಗೆ ವಿಷವೇ. ನಮ್ಮ ಬಯಲುಸೀಮೆಯ ಅಡವಿ ಈರುಳ್ಳಿಗೆ ಇದು ದೂರದ ನೆಂಟ, ಎರಡರಲ್ಲೂ ಹೃದಯಕ್ಕೆ ತಾಗುವ ವಿಷವಿದೆ. ಲೋಳೆಯನ್ನು ಮಾತ್ರ ಹಿಂದಿನವರು ಅಂಟಾಗಿ ಬಳಸುತ್ತಿದ್ದರು, ಬಾಣಕ್ಕೆ ಗರಿ ಅಂಟಿಸಲು, ಪುಸ್ತಕ ಕಟ್ಟಲು.

ನಾಲ್ಕನೇ ದಿನ: ಸಸೆಕ್ಸ್‌ನ ಆರ್ಲಿಂಗ್ಟನ್

ಲಂಡನ್ನಿನ ವಿಕ್ಟೋರಿಯಾ ಸ್ಟೇಷನ್ನಿನಿಂದ ರೈಲಿನಲ್ಲಿ ಲ್ಯೂಯಿಸ್ ಕಡೆ ಹೋಗಿ ಬೆರಿಕ್ ಎಂಬ ಚಿಕ್ಕ ಸ್ಟೇಷನ್ನಿನಲ್ಲಿ ಇಳಿಯಬೇಕು, ಒಂದೂವರೆ ಗಂಟೆ. ಅಲ್ಲಿಂದ ಬೇಟ್ಸ್ ಗ್ರೀನ್ ಫಾರ್ಮ್‌ಗೆ ಹೊಲಗಳ ನಡುವೆ ನಡೆಯಬಹುದು, ಟ್ಯಾಕ್ಸಿ ಬೇಕಿದ್ದರೆ ಮುಂಚಿತವಾಗಿ ಹೇಳಿಡಬೇಕು. ಸ್ಟೇಷನ್ನಿನ ಮುಂದೆ ಕಾಯುತ್ತಾ ಯಾರೂ ನಿಂತಿರುವುದಿಲ್ಲ. ಇಲ್ಲಿನ ಬ್ಲೂಬೆಲ್ ನಡಿಗೆ 1972ರಿಂದ ನಡೆದುಕೊಂಡು ಬಂದಿದೆ. ಸಂಗ್ರಹವಾದ ಹಣದಲ್ಲಿ ಧರ್ಮಕಾರ್ಯಗಳಿಗೂ ಪಾಲಿದೆ. ಏಪ್ರಿಲ್ ಮಧ್ಯದಿಂದ ಮೇ ಮಧ್ಯದವರೆಗೆ ತೆರೆದಿರುತ್ತದೆ, ಟಿಕೆಟ್ ಉಂಟು. ಅಜ್ಜ-ಅಜ್ಜಿ ಜೊತೆಗಿದ್ದರೆ ಈ ದಿನವನ್ನೇ ಆರಿಸಿಕೊಳ್ಳಿ, ಗಾಲಿಕುರ್ಚಿ ಹೋಗುವ ದಾರಿ ಮಾಡಿದ್ದಾರೆ.

ಫಾರ್ಮಿನ ಬೀಟನ್ಸ್ ವುಡ್ ಹಿಂದಿನ ಎರಡು ಕಾಡುಗಳಿಗಿಂತ ಬೇರೆ ಥರದ್ದು. ಮೇಲೆ ಅಲ್ಲೊಂದು ಇಲ್ಲೊಂದು ಎತ್ತರದ ಓಕ್, ಕೆಳಗೆ ಹಾರ್ನ್‌ಬೀಮ್ ಎಂಬ ಮರ. ಹಾರ್ನ್‌ಬೀಮ್‌ಗಳನ್ನು ನೆಲಮಟ್ಟಕ್ಕೆ ಕಡಿದು ಮತ್ತೆ ಚಿಗುರಲು ಬಿಡುವ ಪದ್ಧತಿ ಇಲ್ಲಿ ಶತಮಾನಗಳಿಂದ ಇದೆ. ಇಂಗ್ಲೆಂಡಿನಲ್ಲಿ ಕಾಪಿಸ್ ಎನ್ನುತ್ತಾರೆ. ಕಬ್ಬಿನ ಕುಳೆ ಬೆಳೆ ಗೊತ್ತಿರುವವರಿಗೆ ಹೆಚ್ಚು ವಿವರಿಸಬೇಕಿಲ್ಲ. ಹಳೆಯ ಬುಡವೊಂದರ ಹತ್ತಿರ ನಿಂತು ನೋಡಿ: ಅಗಲವಾದ, ಗಂಟುಗಂಟಾದ ಮೋಟು, ಸುತ್ತಲೂ ಹತ್ತಿಪ್ಪತ್ತು ಕಾಂಡಗಳು. ಪ್ರತಿ ಕಾಂಡದ ಬುಡದಲ್ಲೂ ಹಳೆಯ ಕಡಿತದ ಓರೆ. ನೀರು ನಿಲ್ಲದೆ ಹೊರಕ್ಕೆ ಹರಿಯಲಿ ಎಂದು ಓರೆಯಾಗಿಯೇ ಕಡಿಯುತ್ತಾರೆ, ಇಲ್ಲದಿದ್ದರೆ ಮೋಟು ಕೊಳೆಯುತ್ತದೆ. ಕೆಲಸ ಚಳಿಗಾಲದಲ್ಲಿ ಮಾತ್ರ, ಮರದ ಶಕ್ತಿಯೆಲ್ಲ ಬೇರಿನಲ್ಲಿರುವಾಗ. ಸಸೆಕ್ಸ್ ಕಡೆಯ ಹಳೆಯ ಕಬ್ಬಿಣದ ಕುಲುಮೆಗಳಿಗೆ ಇದ್ದಿಲು ಹೋಗುತ್ತಿದ್ದದ್ದು ಇಂಥ ಕಾಡುಗಳಿಂದಲೇ.

ಬ್ಲೂಬೆಲ್ಲಿಗೆ ಇದರ ಪರಿಣಾಮ ಪಟ್ಟಿ ಪಟ್ಟಿಯಾಗಿ ಕಾಣುತ್ತದೆ. ಕಡಿದು ಒಂದು ವರ್ಷವಾದ ಭಾಗದಲ್ಲಿ ಹೂ ಸಾಧಾರಣ. ಎರಡನೇ-ಮೂರನೇ ವಸಂತದಲ್ಲಿ ಬೆಳಕು ತಿಂದ ಗೆಡ್ಡೆಗಳು ಒಮ್ಮೆಲೇ ದಟ್ಟವಾಗಿ ಹೂಬಿಡುತ್ತವೆ. ಆಮೇಲೆ ಮುಳ್ಳಿನ ಬ್ರ್ಯಾಂಬಲ್ ಮೇಲೇಳುತ್ತದೆ, ಹೂ ಅದರ ನಡುವೆ ಸಿಕ್ಕಿಕೊಳ್ಳುತ್ತದೆ. ಎಂಟು-ಹತ್ತು ವರ್ಷಕ್ಕೆ ಹಾರ್ನ್‌ಬೀಮ್ ಮತ್ತೆ ಚಪ್ಪರ ಕಟ್ಟಿ ಬ್ರ್ಯಾಂಬಲನ್ನು ಸಾಯಿಸುತ್ತದೆ, ಬ್ಲೂಬೆಲ್ ತೆಳುವಾಗಿ ಉಳಿಯುತ್ತದೆ, ಮುಂದಿನ ಕಡಿತಕ್ಕೆ ಕಾಯುತ್ತದೆ. ಕಾಡು ಎಂದರೆ ಕೈ ಹಚ್ಚದೆ ಬಿಟ್ಟದ್ದು ಎಂದು ನಂಬಿದವರಿಗೆ ಇದು ಒಗ್ಗುವುದಿಲ್ಲ. ಆದರೆ ಚಿಕ್ಕಂದಿನಲ್ಲಿ ನೋಡಿದ ಕಾಡು ಈಗ ಹೂವಿಲ್ಲದೆ ಮಂಕಾಗಿದೆ ಎಂದರೆ ಎಷ್ಟೋ ಸಲ ಕಾರಣ ಇಷ್ಟೇ, ಕಡಿಯುವವರು ನಿಂತುಹೋಗಿದ್ದಾರೆ. ಇನ್ನೊಂದು ಬಗೆಯ ಕಡಿತವನ್ನೂ ಈಗ ಎಲ್ಲೆಡೆ ಕಾಣುತ್ತೀರಿ: 2012ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾದ ಶಿಲೀಂಧ್ರ ರೋಗದಿಂದ ಆ್ಯಶ್ ಮರಗಳು ಒಣಗುತ್ತಿವೆ, ದಾರಿಯ ಮೇಲೆ ಬೀಳದಿರಲಿ ಎಂದು ಅಂಚಿನ ಮರಗಳನ್ನು ಉರುಳಿಸುತ್ತಿದ್ದಾರೆ. ಅಲ್ಲಿ ಬೆಳಕು ಬಿದ್ದು ಒಂದೆರಡು ವರ್ಷ ಹೂ ಹೆಚ್ಚಬಹುದು, ಬೆನ್ನಿಗೇ ಹುಲ್ಲು-ಬ್ರ್ಯಾಂಬಲ್.

ಆರ್ಲಿಂಗ್ಟನ್‌ಗೆ ಬೇಗ, ಏಪ್ರಿಲ್ ಮೂರನೇ ವಾರದಲ್ಲೇ ಬಂದವರಿಗೆ ನೀಲಿಯ ಬದಲು ಬಿಳಿ ಸಿಗುತ್ತದೆ. ವುಡ್ ಅನಿಮೋನಿ, ಬಿಸಿಲಿಗೆ ಬಾಯ್ತೆರೆದು ಮೋಡಕ್ಕೆ ಮುಚ್ಚುವ ಹೂ. ಅದೂ ನೋಡುವಂಥದ್ದೇ, ನಿರಾಶರಾಗಿ ಹಿಂದಿರುಗಬೇಡಿ. ಇಲ್ಲಿಯ ನೆಲ ಜೇಡಿ, ಮಳೆ ಬಂದರೆ ಬೂಟಿನಡಿ ಎರಡು ಅಂಗುಲ ಏರುತ್ತದೆ. ಕಾಡಿನಿಂದ ಹೊರಬಂದ ಕೂಡಲೇ ಆ ಮಣ್ಣನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಮರಗಳ ಕೆಲವು ರೋಗಗಳು ಒದ್ದೆ ಮಣ್ಣಿನ ಜೊತೆಯೇ ಒಂದು ಕಾಡಿನಿಂದ ಇನ್ನೊಂದಕ್ಕೆ ದಾಟುತ್ತವೆ.

ಗೆಡ್ಡೆ ಒಯ್ಯುವ ಆಸೆ ಎಲ್ಲರಿಗೂ ಬರುತ್ತದೆ. 1981ರ ವನ್ಯಜೀವಿ ಕಾನೂನಿನ ಪ್ರಕಾರ ನೆಲದ ಒಡೆಯರ ಒಪ್ಪಿಗೆಯಿಲ್ಲದೆ ಬ್ಲೂಬೆಲ್ ಅಗೆಯುವುದು ಅಪರಾಧ. 1998ರಿಂದ ಕಾಡಿನ ಗೆಡ್ಡೆ, ಬೀಜ ಮಾರುವುದಕ್ಕೂ ನಿಷೇಧವಿದೆ. ನರ್ಸರಿಯಲ್ಲಿ ಬೆಳೆಸಿದ್ದನ್ನು ಕೊಳ್ಳಬಹುದು, ಲಂಡನ್ನಿನ ಅಣ್ಣನ ಮನೆಯ ಹಿತ್ತಲಿಗಾದರೆ ಶರತ್ಕಾಲದಲ್ಲಿ ಹತ್ತು ಸೆಂಟಿಮೀಟರ್ ಆಳಕ್ಕೆ, ಮರದ ನೆರಳಿನಲ್ಲಿ ನೆಡಲಿ. ಬೆಂಗಳೂರಿಗೆ ತರುವ ಯೋಚನೆ ಬಿಡಿ. ಭಾರತಕ್ಕೆ ಗೆಡ್ಡೆ ತರಲು ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಅವನ್ನು ಮಾಡಿಸಿ ತಂದರೂ, ತಿಂಗಳುಗಟ್ಟಲೆ ಚಳಿ ಸಿಗದ ಕಡೆ ಅದು ಹೂ ಬಿಡುವುದಿಲ್ಲ.